ಲಹರಿ ಎಂಬ ಪದಕ್ಕೆ

ಸುತ್ತೋಲೆ ಮಲಯಾಳದಲ್ಲಿ ಬಂತು.
ಶಶಿಧರನ್ ಮಾಷ್ ನನ್ನ ಮೇಜಿಗೆ ತಂದಿಟ್ಟು
"ಟೀಚರೇ, ಕನ್ನಡ ಡಿವಿಷನ್ನಿಗೆ ಇದನ್ನೊಂದು ಕನ್ನಡ ಮಾಡಿ,
ಊಟದ ಬೆಲ್ಲಿನೊಳಗೆ ಸಾಕು" ಎಂದರು.

ಮೊದಲ ಸಾಲಿನಲ್ಲೇ ಪೆನ್ನು ನಿಂತಿತು.
ಲಹರಿ, ಎಂದಿತ್ತು.
ಅವರಲ್ಲಿ ಅದು ಅಮಲು, ಗಾಂಜಾ, ಮಾತ್ರೆ, ಪುಡಿ.
ನಮ್ಮಲ್ಲಿ?
ನಿನ್ನೆಯಷ್ಟೇ ಒಂಬತ್ತು ಬಿಯ ಹಲಗೆಯ ಮೇಲೆ
ಭಾವಲಹರಿ ಎಂದು ಬರೆದು ಅಡಿಗೆರೆ ಎಳೆದಿದ್ದೆ:
ಮನಸ್ಸಿಗೆ ಬಂದದ್ದು ಬರೆಯಿರಿ ಮಕ್ಕಳೇ,
ನಿಲ್ಲಿಸಬೇಡಿ, ಲಹರಿ ಬರಬೇಕು.
ನಡುವೆ ಒಂದೇ ಗೋಡೆ, ಆಚೆ ಮಲಯಾಳ ಕ್ಲಾಸು.
ಕೇಳಿಸಿಕೊಂಡು ನಕ್ಕಿರಬೇಕು.

ಅಮಲು ಎಂದು ಬರೆದೆ. ಹೊಡೆದು ಹಾಕಿ
ಮಾದಕ ವಸ್ತು ಎಂದೆ. ಸರ್ಕಾರದ ಹಾಗೆ ಕಂಡಿತು, ಬಿಟ್ಟೆ.

ನಿಯಮ ಒಂದು: ಪೂರ್ತಿ ತೋಳಿನ ಅಂಗಿ ಕೂಡದು.
ಮಾರ್ಚಿನ ಸೆಖೆಯಲ್ಲೂ ಧನ್ವಿತ್ ತೋಳು ಮಡಚುತ್ತಿರಲಿಲ್ಲ.
ಶಿಸ್ತಿನ ಹುಡುಗ ಅಂದುಕೊಂಡಿದ್ದೆ.

ನಿಯಮ ಮೂರು: ಶೌಚಾಲಯಕ್ಕೆ ಒಬ್ಬೊಬ್ಬರೇ,
ಒಳಗಿನ ಚಿಲಕ ತೆಗೆಸಲಾಗಿದೆ.
ಅವನು ಒಳಗಿದ್ದದ್ದು ಒಂದಿಡೀ ಪಿರಿಯಡ್.
ನನ್ನದೇ ಪಿರಿಯಡ್.

ಐದು: ಹುಟ್ಟುಹಬ್ಬಕ್ಕೆ ಮಿಠಾಯಿ ಹಂಚುವಂತಿಲ್ಲ.
ಅವನು ಹಂಚಿದ್ದ. ನಾನೂ ತಿಂದಿದ್ದೆ.
ಅದು ಬರೇ ಕೊಬ್ಬರಿ ಮಿಠಾಯಿ.

ಆರನೆಯದು ಯಾಕೆಂದು ತಿಳಿಯಲಿಲ್ಲ:
ಕೊಡೆಯ ಹಿಡಿ ಟೊಳ್ಳಿರಬಾರದು.
ಯಾವ ಊರಿನ, ಯಾವ ಹುಡುಗನ ಕೊಡೆಯೋ ಅದು.
ಅವನ ಟೀಚರೂ ಎಲ್ಲೋ ಕೂತು
ಈ ಸಾಲು ಓದಿರುತ್ತಾಳೆ.

ಬೆಳಿಗ್ಗೆ ಗೇಟಿನ ಬಳಿ ಲೈಬ್ರರಿಯ ಮೇಜು.
ಬ್ಯಾಗು ತೆರೆಯುತ್ತಾರೆ, ನಾವು ಕೈ ಹಾಕುತ್ತೇವೆ.
ಉಪ್ಪು ಮೆಣಸಿನ ಜೊತೆ ಕಟ್ಟಿದ ಬಿಂಬುಳಿ,
ಯಾರದೋ ಹಾಲುಹಲ್ಲು,
ಇಲಿ ಕಡಿದ ಸಮಾಜ ಪುಸ್ತಕ.
ಫಾಯಿಝಾಳ ಬ್ಯಾಗಿನಲ್ಲಿ ಪೇಪರು ಸುತ್ತಿದ ಒಂದು ಪೊಟ್ಟಣ.
ಹಿಂದೆ ಸಾಲಾಗಿ ಹುಡುಗರು.
ಅವಳು ನನ್ನ ಮುಖ ನೋಡಿದಳು.
ಹೋಗು ಹೋಗು, ಎಂದೆ.
ಮರುದಿನ ಅವಳು ಬರಲಿಲ್ಲ, ಅದರ ಮರುದಿನವೂ.
ಹಾಜರಿಯಲ್ಲಿ ಗೀಟು ಎಳೆದೆ.
ಅದಕ್ಕೆ ನಿಯಮ ಇಲ್ಲ.

ಧನ್ವಿತನ ಅಮ್ಮ ಟೀಸಿಗೆ ಬಂದಿದ್ದರು,
ಹೆಬ್ಬೆರಳ ಉಗುರಲ್ಲಿ ಬೀಡಿ ಎಲೆಯ ಕಪ್ಪು.
ಸಹಿ ಹಾಕಿ, ಪೆನ್ನು ಹಿಡಿದೇ ಇದ್ದು ಕೇಳಿದರು:
"ನಾನು ಮನೆಯಲ್ಲಿ ಬೀಡಿ ಕಟ್ಟುದು ಟೀಚರೇ,
ಸಣ್ಣದಿರುವಾಗ ಮೊರದ ಹತ್ತಿರವೇ ಮಲಗಿಸ್ತಿದ್ದೆ.
ಅದರಿಂದ ಎಂತಾದರೂ ಆದದ್ದಾ?"
ಇಲ್ಲಮ್ಮ, ಎಂದೆ.
ನನಗೆ ಗೊತ್ತಿರಲಿಲ್ಲ.
ನಡತೆಯ ಕಾಲಮಿನಲ್ಲಿ ತೃಪ್ತಿಕರ ಎಂದು ಬರೆದಿದ್ದೆ,
ಎಲ್ಲರಿಗೂ ಬರೆಯುವ ಹಾಗೆ.

ಅವನ ನೋಟ್ ಪುಸ್ತಕ ಮಾತ್ರ ಕೊಡಲಿಲ್ಲ.
ಅದರಲ್ಲಿ ಒಂದು ಭಾವಲಹರಿ:
"ರೈಲು ಹೋದ ಮೇಲೆ ಹಳಿ ಸ್ವಲ್ಪ ಹೊತ್ತು ಬಿಸಿ ಇರುತ್ತದೆ.
ಯಾರೂ ಮುಟ್ಟಿ ನೋಡುವುದಿಲ್ಲ.
ನಾನು ಒಮ್ಮೆ ನೋಡಿದ್ದೇನೆ."
ಲಕಾರ ಳಕಾರ ಅದಲು ಬದಲಾಗಿತ್ತು ಎಲ್ಲ ಕಡೆ.
ಕೆಂಪು ಶಾಯಿಯಲ್ಲಿ ತಿದ್ದಿ
ಹತ್ತಕ್ಕೆ ಆರು ಕೊಟ್ಟಿದ್ದೆ.

ಬೆಲ್ಲಾಗುವಾಗ ಅನುವಾದ ಮುಗಿಯಿತು. ಮಾಷ್ ಓದಿ
"ಲಹರಿ ಎಲ್ಲಿ? ಕಾಣುವುದಿಲ್ಲವಲ್ಲ" ಎಂದರು.
ನಮ್ಮಲ್ಲಿ ಅದಕ್ಕೆ ಬೇರೆ ಅರ್ಥ, ಎಂದೆ.
"ಹೌದಾ, ಎಂತ ಅರ್ಥ?"
ಹೇಳಲು ಹೊರಟೆ. ಫೋನು ಬಂತು ಅವರಿಗೆ.

ಸಂಜೆ ಉಪ್ಪಳದ ರೈಲುಗೇಟು ಹಾಕಿತ್ತು.
ಹೆಗಲ ಬ್ಯಾಗಿನಲ್ಲಿ ಆ ನೋಟ್ ಪುಸ್ತಕ.
ಟೀಚರುಗಳ ಬ್ಯಾಗು ಯಾರೂ ತೆರೆಸುವುದಿಲ್ಲ.
ಗಾಡಿ ಹೋಯಿತು, ಮಂಗಳೂರು ಕಡೆಗೆ.
ಗೇಟು ಏಳುವ ಮೊದಲು, ಕೊಡೆ ಬಿದ್ದ ನೆಪದಲ್ಲಿ
ಬಗ್ಗಿ ಹಳಿಗೆ ಎರಡು ಬೆರಳು ತಾಗಿಸಿದೆ.

ಬಿಸಿ ಇತ್ತು.
ಬಿಸಿಲಿನದೋ ರೈಲಿನದೋ
ಗೊತ್ತಾಗಲಿಲ್ಲ.