ಅರ್ಧ ಮಿಲಿಮೀಟರ್

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಎದುರು ಮಹಡಿಯಲ್ಲಿ
ಬಾಗಿಲ ಮೇಲೆ ಇನ್ನೂ ನನ್ನ ಹೆಸರಿದೆ, ಹಲ್ಲಿನ ಚಿತ್ರವಿದೆ.
ಯಾರಾದರೂ ದವಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರೆ
ಕುರ್ಚಿಯಲ್ಲಿ ರೋಗಿಯಿಲ್ಲ,
ಅಂಗಾತ ಮಲಗಿದ ಒಂದು ಗೂಡ್ಸ್ ವ್ಯಾಗನ್,
ದೀಪದ ಕೆಳಗೆ ಹೊಟ್ಟೆ ತೋರಿಸಿಕೊಂಡು.

ಮುಚ್ಚಿದೆ ಅನ್ನುತ್ತೇನೆ. ಕೆಲವರು ಆದರೂ ಕೂತು ನೋಡುತ್ತಾರೆ.
ನೋವು ಮರೆತು ಒಬ್ಬರು ಕೇಳಿದ್ದುಂಟು:
ರೈಲೇ ಇಲ್ಲದ ಜಿಲ್ಲೆಯಲ್ಲಿ ಇದ್ಯಾಕೆ ಡಾಕ್ಟರೇ?

ಹೇಳಹೊರಟರೆ ಉದ್ದ.
ಅಪ್ಪ ಅರಸೀಕೆರೆಯಲ್ಲಿ ಗಾರ್ಡ್. ಪಟ್ಟಾಳ ಬಿಟ್ಟು
ರೈಲಿಗೆ ಸೇರಿದನೆಂದು ಒಕ್ಕದ ಹಿರಿಯರು
ಒಂದು ವರ್ಷ ಮಾತಾಡಿರಲಿಲ್ಲ.
ಹನ್ನೆರಡಕ್ಕೆ ನಾನು ಬೆಂಕಿಪೊಟ್ಟಣಗಳಲ್ಲಿ
ಒಂದು ಪ್ಯಾಸೆಂಜರ್ ಕಟ್ಟಿದ್ದೆ, ಅಂಗಿಯ ಗುಂಡಿಗಳೇ ಗಾಲಿ.
ಆಮೇಲೆ ಕಾಲೇಜು, ಮದುವೆ, ನಲವತ್ತೊಂದು ವರ್ಷ
ಬೇರೆಯವರ ಬಾಯಿ.

ಈಗ ಗುಂಡಿ ನಡೆಯದು.
ಎಲ್ಲವೂ ಎಂಬತ್ತೇಳರಲ್ಲಿ ಒಂದು ಪಾಲು.
ಅಂಗಡಿಯ ಹಳಿಗಳ ನಡುವೆ ಹನ್ನೆರಡು ಮಿಲಿಮೀಟರ್;
ಮೀಟರ್ ಗೇಜಿಗೆ ಲೆಕ್ಕ ಹಾಕಿದರೆ ಹನ್ನೊಂದೂವರೆ.
ಅರ್ಧ ಯಾರ ಕಣ್ಣಿಗೆ ಬೀಳುತ್ತೆ, ಅಂತಾನೆ
ಹಲಗೆ ಮಾಡಿಕೊಟ್ಟ ಆಚಾರಿ ಮೊಯ್ದು.
ಕ್ರೌನ್ ಅರ್ಧ ಮಿಲಿಮೀಟರ್ ಎತ್ತರವಾದರೆ
ಮರುದಿನ ಏಳು ಗಂಟೆಗೇ ಬಾಗಿಲು ಬಡಿಯುತ್ತಾರೆ ಕಣೋ,
ನಾಲಿಗೆಗೆ ಗೊತ್ತಾಗುತ್ತೆ.

ಹಾಗಾಗಿ ಕೈಯಾರೆ ಹಾಸಿದ ಹಳಿ.
ಗಿಡ ಕಸಿ ಮಾಡುವಾಗ ಬಿದ್ದ ಕಾಫಿ ಕೊಂಬೆ ಸೀಳಿ ಸ್ಲೀಪರು,
ಚಹಾ ಜರಡಿಯಲ್ಲಿ ಮೂರು ಸಲ ಸೋಸಿದ ಹೊಳೆಮರಳೇ ಜಲ್ಲಿ,
ದವಡೆಯ ಅಚ್ಚಿಗೆಂದು ತರಿಸಿ ಉಳಿದ ಪ್ಲಾಸ್ಟರಿನಲ್ಲಿ ಏರಿ.
ಬೆರಳು ನಡುಗುತ್ತದೆಂದು
ಬೆಳಗಿನ ಕಾಫಿ ಬಿಟ್ಟಿದ್ದೇನೆ.
ಈ ಊರಿನಲ್ಲಿದ್ದು ಕಾಫಿ ಬಿಡುವುದು!
ಅದನ್ನು ಮಾತ್ರ ಯಾರಿಗೂ ಹೇಳಿಲ್ಲ.

ಪಾಯಿಂಟಿನ ಬಳಿ ವ್ಯಾಗನ್ ಎಂಟು ದಿನ ಹಳಿ ತಪ್ಪಿತು.
ಒಂಬತ್ತನೇ ದಿನ ಒಂದು ಕಡೆ, ಕಾಗದದಷ್ಟು, ಅರ ಹಾಕಿದೆ.
ಟಕ್. ದಾಟಿತು.
ಕಿರುಚಿದೆನಂತೆ; ಕೆಳಗಿನ ಬೇಕರಿಯಿಂದ ಮಾಚಯ್ಯ
ಕೈತುಂಬ ಹಿಟ್ಟಿನಲ್ಲೇ ಓಡಿಬಂದ.

ಎಲ್ಲ ಸರಿ, ಬೆಂಚೊಂದು ಬಿಟ್ಟು.
ಪ್ಲಾಟ್‌ಫಾರ್ಮಿನ ತುದಿಯ ಕಲ್ಲುಬೆಂಚು. ಅದರ ಮೇಲೆ ಹತ್ತಿ
ರಾತ್ರಿಗಾಡಿಯನ್ನು ಕಳಿಸಿಕೊಡುತ್ತಿದ್ದೆ.
ಅಪ್ಪನ ಕೈಯ ಹಸಿರು ದೀಪ
ತಿರುವಿನವರೆಗೂ ಆಡುತ್ತಲೇ ಇರುತ್ತಿತ್ತು,
ಕುಂಞಿ, ಕುಂಞಿ, ಎಂದು.

ಅಪ್ಪನ ಜೊತೆಗಾರರ ಮಗಳು ರೋಸಲಿನ್ ಹುಬ್ಬಳ್ಳಿಯಿಂದ
ಒಂದು ಫೋಟೋ ಕಳಿಸಿದಳು, ಹಿಂದೆ ಯಾರೋ ಬರೆದ ನಕಾಶೆ.
ಬೆಂಚು ನಾನಂದುಕೊಂಡಲ್ಲಿ ಇರಲಿಲ್ಲ.
ಇದ್ದಲ್ಲಿಗೇ ಸರಿಸಿ ಅಂಟಿಸಿದೆ.
ಹಿಂದವಡೆ ನೋಡುವ ಪುಟ್ಟ ಕನ್ನಡಿಯನ್ನು
ಅದರ ಮೇಲೆ, ಹನ್ನೆರಡರ ಹುಡುಗಿಯ
ಕಣ್ಣಿನ ಎತ್ತರಕ್ಕೆ ಹಿಡಿದು ನೋಡಿದೆ.

ತಿರುವು ಕಾಣಲಿಲ್ಲ.
ನಡುವೆ ಗೂಡ್ಸ್ ಶೆಡ್ಡು, ಉದ್ದಕ್ಕೆ.
ಮತ್ತೆ ಅಳೆದೆ. ಅಳತೆ ಸರಿಯಿತ್ತು.

ಮೊಯ್ದು ಗರಗಸ ಹಿಡಿದೇ ಕೇಳಿದ:
ಶೆಡ್ಡು ಒಂದಿಂಚು ಕೊಯ್ದುಬಿಡ್ಲಾ? ಯಾರು ಬಂದು ನೋಡ್ತಾರೆ?
ಬೇಡ, ಅಂದೆ.

ಅವನು ಹೋದ ಮೇಲೆ
ಸಾಸಿವೆಯಷ್ಟು ಹಸಿರು ಬಲ್ಬು ಬ್ರೇಕ್‌ವ್ಯಾನಿಗೆ ಕೂರಿಸಿ
ಕೋಣೆಯ ದೀಪ ಆರಿಸಿ
ಗಾಡಿ ಬಿಟ್ಟೆ, ನಿಧಾನಕ್ಕೆ.

ಬೆಂಚು ದಾಟಿತು. ಶೆಡ್ಡಿನ ಹಿಂದೆ ಹೋಯಿತು.
ಕನ್ನಡಿಯಲ್ಲಿ ಏನೂ ಇಲ್ಲ.
ಗೋಡೆಯ ಮೊಳೆಗೆ ತೂಗಿದ ನನ್ನ ಹಳೇ ಬಿಳಿ ಕೋಟಿನ ಮೇಲೆ
ಒಂದು ಹಸಿರು ಮಸುಕು ಸರಿದು ಹೋಯಿತು,
ತೋಳಿನಿಂದ ಜೇಬಿನವರೆಗೆ.

ನಿಲ್ಲಿಸಿದೆ. ಹಿಂದಕ್ಕೆ ತಂದೆ.
ಇನ್ನೊಮ್ಮೆ ಬಿಟ್ಟೆ.