ಗಾರೆಯ ಸಾಕ್ಷಿ

ಮೊದಲು ಕೈಕೊಟ್ಟಿದ್ದು ಬಾಗಿಲು.
ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಆಸ್ಪತ್ರೆಯ ಲಾಂಡ್ರಿ ಪಾಳಿಗೆ ಹೊತ್ತಾಗಿದೆ,
ಎಳೆದರೂ ಬಾರದು, ಒದ್ದರೂ ಬಾರದು;
ಎದುರುಮನೆಯ ತಸ್ಸಾದೀತ್ ಹೊರಗಿನಿಂದ ಭುಜ ಕೊಟ್ಟು
ನನ್ನನ್ನು ನನ್ನ ಮನೆಯಿಂದಲೇ ಬಿಡಿಸಿದಳು.
"ತೇವಕ್ಕೆ ಮರ ಉಬ್ಬುತ್ತದೆ, ಮದಾಮ್"
ಎಂದ ಫೋನಿನಲ್ಲಿ ಮಾಲೀಕ ರುಬೋ.
ಮಾರ್ಸೇಯ್ ಊರು ಮಳೆ ಕಂಡು ಆಗ ಮೂರು ತಿಂಗಳು.

ಆಮೇಲೆ ಬಿರುಕು.
ಕಿಟಕಿಯ ಮೂಲೆಯಿಂದ ಹೊರಟು, ಕ್ಯಾಲೆಂಡರಿನ ಬೆನ್ನಿಗೆ ಹಾದು,
ಮಗ ನಸ್ಸೂರನ ಎತ್ತರಕ್ಕೆ ನಾನೆಳೆದ
ಪೆನ್ಸಿಲ್ ಗೆರೆಗಳ ಪಕ್ಕ ಬಂದು ನಿಂತಿತು.
ಇಬ್ಬರದೂ ಬೆಳೆಯುವ ವಯಸ್ಸು:
ಅವನು ಮೇಲಕ್ಕೆ, ಅದು ಕೆಳಕ್ಕೆ.
ಮೊದಲು ಉಗುರು ಹೋಗುತ್ತಿತ್ತು, ಆಮೇಲೆ ಬಸ್ಸಿನ ಟಿಕೆಟ್ಟು,
ನವೆಂಬರಿಗೆ ಎರಡು ಯೂರೋ ನಾಣ್ಯ ನುಂಗಿತು.
ಇದಕ್ಕೂ ಬಾಡಿಗೆ ಕಟ್ಟಬೇಕೇ ಅಂತ ನಕ್ಕೆವು.
ನಗು ನಿಂತ ಮೇಲೆ ಗೋಡೆಯೊಳಗೆ
ಮರಳು ಜಾರುವ ಸದ್ದು.

ರುಬೋ ಒಬ್ಬ ಪೇಂಟರನ್ನು ಕಳಿಸಿದ.
ಹುಡುಗ ಒಳ್ಳೆಯವನು. ಕಾಫಿ ಕುಡಿದ, ಬಿರುಕಿಗೆ ಕೆನೆಬಣ್ಣ ಬಳಿದ,
ಹೋಗುವಾಗ ಹೊಸ್ತಿಲಲ್ಲಿ ನಿಂತು, ದನಿ ತಗ್ಗಿಸಿ,
"ನಾನಾಗಿದ್ದರೆ ಇಲ್ಲಿ ಮಲಗುತ್ತಿರಲಿಲ್ಲ" ಅಂದ.
ಬಣ್ಣ ಹನ್ನೊಂದು ದಿನ ಬಾಳಿತು.

ಮೊದಲ ಮಹಡಿಯ ಒತ್ತಾವಿಯೋ ಹಳೆಯ ಗಾರೆಯವನು, ಎರಡು ಬೆರಳಿಲ್ಲ.
ನನ್ನ ಸೂಪಿನ ಬಟ್ಟಲಲ್ಲೇ ಗಾರೆ ಕಲಸಿ
ಬಿರುಕಿನ ಮೇಲೆ ಅಡ್ಡಕ್ಕೆ ಒಂದು ಪಟ್ಟಿ ಮೆತ್ತಿದ,
ಹಸಿಯಿರುವಾಗಲೇ ಮೊಳೆಯಿಂದ ತಾರೀಖು ಗೀಚಿದ.
"ನಮ್ಮ ಕಸುಬಿನಲ್ಲಿ ಇದಕ್ಕೆ ಸಾಕ್ಷಿ ಅನ್ನುತ್ತೇವೆ.
ಗೋಡೆ ಸುಮ್ಮನಿದ್ದರೆ ಇದೂ ಸುಮ್ಮನೆ.
ಅಲುಗಿತೋ, ಮುರಿಯುತ್ತದೆ.
ಮುರಿಯುವುದೇ ಇದರ ಮಾತು."

ದ್ವೀಪದಲ್ಲಿ ನನ್ನ ನಿಕಾಹಿಗೂ ಇಬ್ಬರು ಸಾಕ್ಷಿ ಬಂದಿದ್ದರು.
ಉಂಡರು, ರುಜು ಹಾಕಿದರು,
ಆಮೇಲೆ ಏನನ್ನೂ ನೋಡಲಿಲ್ಲ.

ಮೆಟ್ಟಿಲ ಮೇಲೆ ಸಭೆ, ಏಳು ಮನೆಯವರು, ಒಂದೇ ಬಲ್ಬು.
ಬಾಡಿಗೆ ನಿಲ್ಲಿಸೋಣ ಎಂದಳು ತಸ್ಸಾದೀತ್.
ನಾಲ್ಕನೇ ಮಹಡಿಯ ಗರಬೇದ್ ಕೋಲು ಕುಟ್ಟಿದ:
"ಗಲಾಟೆ ಎದ್ದರೆ ನಗರಸಭೆ ಬಂದು ಬೀಗ ಜಡಿಯುತ್ತದೆ.
ಬಿರುಕಿರುವ ಮನೆಯೂ ಮನೆಯೇ.
ನನ್ನ ಗೋಡೆ ನೆಟ್ಟಗಿದೆ. ನಾನು ಚೆನ್ನಾಗಿ ನಿದ್ದೆ ಮಾಡುತ್ತೇನೆ."
ಅವನ ಮಾತಿಗೆ ಉತ್ತರ ನನ್ನಲ್ಲಿರಲಿಲ್ಲ.
ಈಗಲೂ ಇಲ್ಲ.

ನ್ಯಾಯಾಲಯದಲ್ಲಿ ರುಬೋನ ವಕೀಲ ನಮ್ಮ ಲೆಕ್ಕ ಒಪ್ಪಿಸಿದ:
ಇವರು ಬೇಯಿಸುವುದು ಹೆಚ್ಚು, ಒಗೆಯುವುದು ಹೆಚ್ಚು,
ಒಂದು ಕೋಣೆಗೆ ಜನ ಹೆಚ್ಚು.
ಇನ್ನೊಂದು ನಿಮಿಷ ಬಿಟ್ಟಿದ್ದರೆ
ಉಸಿರಾಡುವುದೂ ಹೆಚ್ಚು ಎನ್ನುತ್ತಿದ್ದನೋ ಏನೋ.
ಪುರಾವೆ ಕೇಳಿದರು ನ್ಯಾಯಾಧೀಶೆ.
ಕರವಸ್ತ್ರದ ಗಂಟು ಬಿಚ್ಚಿ ಮೇಜಿನ ಮೇಲಿಟ್ಟೆ:
ಎರಡು ಹೋಳು ಗಾರೆ,
ಒಂದರಲ್ಲಿ ದಿನ, ಇನ್ನೊಂದರಲ್ಲಿ ತಿಂಗಳು.

ಸಾಕ್ಷಿಯನ್ನು ಜಾಗದಿಂದ ಕೀಳಬಾರದಿತ್ತಂತೆ.
ಕಿತ್ತ ಮೇಲೆ ಅದು ಬರೀ ಸುಣ್ಣವಂತೆ.
ಒತ್ತಾವಿಯೋ ತಲೆ ಚಚ್ಚಿಕೊಂಡ.
ಇಂಜಿನಿಯರ್ ಬಂದು ನೋಡಲು ಮೂರು ವಾರದ ಗಡುವು.
ಮೂರು ವಾರ! ಗೋಡೆಗೆ ನೋಟಿಸು ಕೊಟ್ಟವರು ಯಾರು?

ಹೊಸ ಪಟ್ಟಿ ಮೆತ್ತಿದೆವು. ನಸ್ಸೂರನ ಹಾಸಿಗೆ ಬಾಗಿಲ ಬಳಿಗೆ ಎಳೆದೆ.
ಬಾಗಿಲು ಮುಚ್ಚುವುದನ್ನೇ ಬಿಟ್ಟೆವು.
ಒಂಬತ್ತನೆಯ ರಾತ್ರಿ, ಎರಡೂವರೆಗೆ,
ಉಗುರು ಮುರಿದಂಥ ಒಂದು ಸಣ್ಣ ಟಿಕ್.

ಮಗನನ್ನು ತಸ್ಸಾದೀತಳ ಕೈಗೆ ಕೊಟ್ಟು, ಕೆಳಕ್ಕೆ ಕಳಿಸಿ,
ಬರಿಗಾಲಲ್ಲಿ ಮೇಲಕ್ಕೆ ಓಡಿದೆ,
ಗರಬೇದ್‌ನ ಬಾಗಿಲು ಬಡಿಯಲು ಕೈ ಎತ್ತಿದೆ.
ಬಡಿಯುವ ಮೊದಲೇ ತೆರೆಯಿತು.
ಕತ್ತಲಲ್ಲಿ ನಿಂತಿದ್ದಾನೆ ಮುದುಕ,
ಮೈಮೇಲೆ ಕೋಟು, ಕಂಕುಳಲ್ಲಿ ಕಾಗದದ ಡಬ್ಬಿ,
ಕಾಲಲ್ಲಿ ಬೂಟು,
ಎರಡಕ್ಕೂ ಲೇಸು ಬಿಗಿದಿತ್ತು.