ಗೆಣ್ಣಿನ ಕೆಳಗ

ರವಿವಾರ. ಶಟರ್ ಅರ್ಧ ಇಳಿಸಿ
ಬ್ಲೌಸಿನ ಕತ್ತರಿ ಬದಿಗಿಟ್ಟು
ಉದ್ದ ಕತ್ತರಿ ತಗೋತೀನಿ,
ಮೊಣಕೈತನಕ ನೀರಾಗ.
ಮೀನು ಮೂರು ಬಂದು
ಬಳಿ ಮೂಸಿ ನೋಡಿ ಹೋಗ್ತಾವ.

ರೋಟಾಲ ಮ್ಯಾಲ ಮ್ಯಾಲ ಬೆಳದು
ನೀರಿನ ಮಾಳಿಗಿ ಮುಟ್ಟಿ ಅಡ್ಡ ಬಿದ್ದೈತಿ.
ಬುಡದ ಎಲಿಗೆ ಬೆಳಕಿಲ್ಲ,
ಹಳದಿಯಾಗಿ ಉಸುಕಿನ ಮ್ಯಾಲ ಕುಂತಾವ.
"ಬೆಳೆಯೋದ ಒಂದು ಬ್ಯಾನಿ ಆಕ್ಕೈತ್ರಿ ಒಮ್ಮೊಮ್ಮೆ"
ಅಂತಾನ ದಸ್ತಗೀರ ಅತ್ತಾರ,
ಬಸ್‌ಸ್ಟ್ಯಾಂಡಿನ ಹಿಂದಿನ ಮೀನಿನಂಗಡ್ಯಾಂವ.

ಗೆಣ್ಣು ನೋಡಿ, ಗೆಣ್ಣಿನ ಕೆಳಗ
ಒಂದು ಕಾಳಿನಷ್ಟು ಬಿಟ್ಟು ಕಡೀಬೇಕು.
ನೀರಾಗ ಕತ್ತರಿಗೆ ಸಪ್ಪಳಿಲ್ಲ.
ಅಳತಿ ತಪ್ಪಿದ ಬಟ್ಟಿ ಮತ್ತ ಕೂಡೂದಿಲ್ಲ;
ಇಲ್ಲಿ ಕಡದ ತುದೀನೂ ಒಂದು ಗಿಡ,
ಉಳದ ಬುಡದಾಗ ಹದಿನೈದು ದಿನಕ್ಕ ಎರಡು ಚಿಗುರು.
ಮೂವತ್ತು ವರ್ಷ ಕತ್ತರಿ ಹಿಡದಾಕಿಗೆ
ಇದು ಸುಳ್ಳಿನಂಗ ಅನಸ್ತೈತಿ.

ಅನುಬಿಯಾಸ್ ಬ್ಯಾರೆ ಮಾತು.
ಅದರ ಗಡ್ಡಿ ಹುಗಿದ್ರ ಕೊಳೀತೈತಿ.
ಕಲ್ಲಿಗೆ ಕಟ್ಟಬೇಕು, ಹಗೂರಕ,
ಕೂಸಿನ ಕಾಲಿಗೆ ಕರಿದಾರ ಕಟ್ಟಿದಂಗ.
ದಾರ ಇತ್ತು: ಇಳಕಲ್ ಸೆರಗಿನಿಂದ ಉದುರಿದ ಕೆಂಪು ರೇಷ್ಮಿ.
ಕಲ್ಲೂ ಇತ್ತು:
ಎರಡು ಬ್ಯಾಸಿಗಿ ಹಿಂದ ಹಿನ್ನೀರು ಇಳದಾಗ
ಹಳೇ ಬಾಗಲಕೋಟ್ಯಾಗ
ನಮ್ಮ ಬಚ್ಚಲ ಇದ್ದ ಜಾಗಾದಾಗ ಸಿಕ್ಕದ್ದು,
ಅಂಗೈಯಷ್ಟು, ಒಂದು ಬದಿ ನುಣ್ಣಗ,
ಯಾರ ಯಾರ ಹಿಮ್ಮಡ ತಿಕ್ಕಿತ್ತೋ.

ದಸ್ತಗೀರ ಅದರ ಮ್ಯಾಲ ಲಿಂಬಿಹಣ್ಣು ಹಿಂಡಿದ.
ಬುರುಬುರು ನೊರಿ.
"ಸುಣ್ಣಗಲ್ಲರೀ ಅಕ್ಕಾರ, ಬ್ಯಾಡ.
ದಿನಾ ಒಂದೀಟು ಕರಗಿ ನೀರು ಗಡಸ ಮಾಡ್ತೈತಿ.
ನಮ್ಮ ಬೋರಿನ ನೀರೇನು ಕಮ್ಮಿ ಗಡಸೇನು?"
ನಕ್ಕೆ. ಅಷ್ಟು ವರ್ಷ
ಹೊಳಿಯಷ್ಟು ನೀರಾಗ ಮುಳಗಿದ್ದ ಕಲ್ಲು
ನನ್ನ ಎರಡಡಿ ಗಾಜಿಗೆ ಆಗಿಬರಂಗಿಲ್ಲ.

ಬಾದಾಮಿ ಕಡೆಯ ಕೆಂಪು ಚೂರೊಂದು ಕೊಟ್ಟ,
ಲಿಂಬಿ ಹಿಂಡಿದ್ರೂ ಪಿಟ್ ಅನ್ನಲಿಲ್ಲ.
ಅದಕ್ಕ ಕಟ್ಟೇನಿ.
ಬೇರು ಹಿಡದ ಮ್ಯಾಲ ದಾರ ಬಿಚ್ಚಬೇಕಂತ.
ಹಿಡದಾವ. ಬಿಚ್ಚಿಲ್ಲ.
ಬಚ್ಚಲಕಲ್ಲು ಮಷಿನ್ ಮ್ಯಾಲ ಕುಂತೈತಿ,
ಅಳತಿ ಚೀಟಿ ಹಾರದಂಗ.

ಇವತ್ತು ಹನ್ನೊಂದು ತುದಿ.
ಕೆಳಗಿನ ಎಲಿ ಸುಲದು, ಚಿಮಟಿಗಿಯಿಂದ
ಏಳು ಉಸುಕಿನಾಗ ಊರಿದೆ,
ನಾಲ್ಕು ಮೊಸರಿನ ಡಬ್ಬ್ಯಾಗ.
ಗುಂಡಿ ಹಚ್ಚಾಕ ಬರೋ ಕಸ್ತೂರಿ ಕೇಳಿದ್ಲು:
"ಮನ್ಯಾಗ ಗಾಜಿನ ಪೆಟಿಗಿಲ್ಲ,
ಬಕೀಟ ನಡೀತೈತೇನ್ರಿ?"

ನಡೀತೈತಿ. ಮುಂಜಾನಿ ಬಿಸಲು ಒಂದೀಟು ಬೀಳಬೇಕು.
ಮೊದಲ ವಾರ ಇದ್ದಬಿದ್ದ ಎಲಿ ಉದರಸ್ತೈತಿ,
ಸತ್ತೈತಂತ ಚೆಲ್ಲಬ್ಯಾಡ.

(ನವನಗರಕ್ಕ ಬಂದ ವರ್ಷ
ನಮ್ಮವ್ವ ಸೆಕ್ಟರ್ ನಂಬರ್ ಕಲೀಲಿಲ್ಲ,
ಕೇಳಿದವರಿಗೆ ಹಳೇ ಓಣಿ ಹೆಸರ ಹೇಳತಿದ್ಲು.
ಇದನ್ನ ಆಕಿಗೆ ಹೇಳಲಿಲ್ಲ.)

ಗೆಣ್ಣು ಹಸರಿದ್ರ ಸಾಕು, ಅಂದೆ.

ಡಬ್ಬಿ ಹಿಡಕೊಂಡು ಆಕಿ ಶಟರ್ ಕೆಳಗ ಬಗ್ಗಿ ಹೋದ್ಲು.
ಕೈ ಒರಸಿಕೊಂಡು ತಿರಗಿ ನೋಡಿದ್ರ
ಊರಿದ ಏಳರಾಗ ಒಂದು ಕಿತ್ತು
ಮ್ಯಾಲ ತೇಲಾಕತ್ತಿತ್ತು.
ಮತ್ತ ತೋಳ ಏರಿಸಿದೆ.